ಸಂತೆಗೆ ಮುಂಚಿನ ಹಾಳೆ

ಗಜೇಂದ್ರಗಡದಲ್ಲಿ ಸಾಲಿ ಹುಡುಗರಿಗೆ ಸುದ್ದಿ ಬರೆಯುವುದನ್ನು ಕಲಿಸುತ್ತಾರಂತೆ ಎಂಬ ಮಾತನ್ನು ಮನೆಗೆ ತಂದವಳು ನಮ್ಮ ಅತ್ತೆ. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೆ ರೋಣದ ನಮ್ಮ ಓಣಿಯಲ್ಲಿ ಸುದ್ದಿಗಾಗಿ ಅವಳಷ್ಟು ಹಪಹಪಿಸುವವರು ಇನ್ನೊಬ್ಬರಿರಲಿಲ್ಲ. ಅಪ್ಪನ ಕಾಳಿನ ಅಂಗಡಿಗೆ ವಾರಕ್ಕೊಮ್ಮೆ ಪತ್ರಿಕೆ ಬರುತ್ತಿತ್ತು. ಅದನ್ನು ನಾನು ಮೇಲಿನ ಸಾಲಿನಿಂದ ಹಿಡಿದು ಕೆಳಗಿನ ಹಲ್ಲುಪುಡಿಯ ಜಾಹೀರಾತಿನವರೆಗೆ ಅವಳಿಗೆ ಓದಿ ಹೇಳಬೇಕಿತ್ತು. ನಡುವೆ ಒಂದು ಸಾಲು ಹಾರಿಸಿದರೂ ಅವಳಿಗೆ ಗೊತ್ತಾಗುತ್ತಿತ್ತು. "ಅಲ್ಲೇನೋ ನುಂಗಿದಿ ನೋಡು, ತಿರುಗಿ ಓದು" ಎನ್ನುತ್ತಿದ್ದಳು.

ಅತ್ತೆ ಅಪ್ಪನ ಅಕ್ಕ. ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನ್ನನ್ನು ಹೆತ್ತವಳು ನನಗೆ ನೆನಪಾಗುವ ಮೊದಲೇ ಹೋಗಿದ್ದರಿಂದ ನನ್ನನ್ನು ಸಾಕಿದವಳೂ ಇವಳೇ. ನಾನು ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾಲಿಡುವ ಮುಂಚಿನ ಬೇಸಿಗೆ ಸೂಟಿ ಅದು. ಇನ್ನೂ ನಾವು ಮುಂಬಯಿ ಸರಕಾರದ ಕೆಳಗಿದ್ದ ಕಾಲ.

ಅಪ್ಪ ಒಪ್ಪಲಿಲ್ಲ. "ಅಷ್ಟು ಗಂಡ ಹುಡುಗೂರ ನಡಕ ಇದೊಂದ ಹೆಣ್ಣ ಹುಡುಗಿ. ಮಂದಿ ಏನಂದಾರು?"

"ಮಂದಿ ಏನಂದ್ರು ಅಂತ ಬರಕೊಂಡ ಬರ್ಲಿ. ಅದನ್ನ ಕಲಸ್ತಾರಂತ ಅಲ್ಲಿ" ಎಂದಳು ಅತ್ತೆ. "ನಾ ಹೋಗ್ತೀನಿ ಆಕಿ ಜೋಡಿ. ಕಣ್ಣಾಗ ಎಣ್ಣಿ ಹಾಕ್ಕೊಂಡ ಕುಂದರ್ತೀನಿ. ಮತ್ತೇನ ಬೇಕು ನಿನಗ?"

ಅಪ್ಪ ಅಕ್ಕನ ಮಾತಿಗೆ ಕೊನೆಯವರೆಗೆ ಎದುರಾಡಿದ್ದನ್ನು ನಾನು ಕಂಡಿಲ್ಲ. ಗಜೇಂದ್ರಗಡದಲ್ಲಿ ಅವನಿಗೆ ಪರಿಚಯದ ಒಬ್ಬ ಸಾವಕಾರರಿದ್ದರು. ಹತ್ತಿ ವ್ಯಾಪಾರ, ಜೊತೆಗೊಂದು ಸಣ್ಣ ಛಾಪಖಾನೆ. ಶಿಬಿರ ನಡೆಯುವುದೂ ಅವರ ಛಾಪಖಾನೆಯಲ್ಲೇ. ಅವರ ಮನೆಯ ಹಿಂದಿನ ಪಡಸಾಲೆಯಲ್ಲಿ ನಾವಿಬ್ಬರೂ ಇಳಿದುಕೊಳ್ಳುವುದೆಂದು ಗೊತ್ತಾಯಿತು.

ಕಲಿಸುತ್ತಿದ್ದವರು ನರಗುಂದದಿಂದ ಒಂದು ವಾರಪತ್ರಿಕೆ ನಡೆಸುತ್ತಿದ್ದ ಸಂಪಾದಕರು. ತೆಳ್ಳಗಿನ ಆಳು, ಖಾದಿ ಜುಬ್ಬದ ಕಿಸೆಯಲ್ಲಿ ಸದಾ ಒಂದು ಕೆಂಪು ಪೆನ್ಸಿಲ್. ರೋಣ, ನರಗುಂದ, ಗಜೇಂದ್ರಗಡದ ಹೈಸ್ಕೂಲುಗಳಿಂದ ಬಂದ ಬೆರಳೆಣಿಕೆಯಷ್ಟು ಹುಡುಗರು, ಮತ್ತು ನಾನು. ಬೆಳಿಗ್ಗೆ ನಮ್ಮನ್ನು ಪೇಟೆಗೆ ಅಟ್ಟುತ್ತಿದ್ದರು. ಕಂಡದ್ದನ್ನು ಬರೆದು ತಂದರೆ ಮಧ್ಯಾಹ್ನ ಅದನ್ನು ತಿದ್ದಿ, ನಮ್ಮ ಕೈಯಿಂದಲೇ ಸೀಸದ ಮೊಳೆ ಜೋಡಿಸುವುದನ್ನು ಕಲಿಸುತ್ತಿದ್ದರು. ಅಕ್ಷರಗಳು ಮೊಳೆಯಲ್ಲಿ ತಿರುಗುಮುರುಗಾಗಿರುತ್ತವೆ. ಒತ್ತಕ್ಷರಗಳ ಗೂಡು ಯಾವುದೆಂದು ಬೆರಳಿಗೆ ರೂಢಿಯಾಗುವವರೆಗೆ ಒಂದು ಸಾಲಿಗೆ ಅರ್ಧ ಮಧ್ಯಾಹ್ನ ಹಿಡಿಯುತ್ತಿತ್ತು. ಅತ್ತೆ ಬಾಗಿಲ ಬಳಿ ಗೋಡೆಗೊರಗಿ ಕುಳಿತು ಬತ್ತಿ ಹೊಸೆಯುತ್ತ ಎಲ್ಲವನ್ನೂ ಕೇಳುತ್ತಿದ್ದಳು.

ಮೊದಲ ದಿನ ನಾನು 'ಬಿಸಿಲು ಅತ್ಯಂತ ಪ್ರಖರವಾಗಿತ್ತು' ಎಂದು ಬರೆದಿದ್ದೆ.

"ಬಿಸಲ ನಾನೂ ಕಂಡೀನಿ ತಂಗಿ" ಎಂದರು ಸಂಪಾದಕರು. "ಬಿಸಲಿಗೆ ಏನಾತು, ಅದನ್ನ ಹೇಳು."

ಮತ್ತೆ ಹೋಗಿ ನೋಡಿದೆ. ಬಳೆ ಮಾರುವ ಮುದುಕಿ ಬೇವಿನ ಮರದ ನೆರಳು ಸರಿದ ಹಾಗೆಲ್ಲ ತನ್ನ ಬಳೆಯ ಮಲಾರವನ್ನು ಸರಿಸುತ್ತ ಸರಿಸುತ್ತ ಬೀದಿಯ ಈ ಬದಿಯಿಂದ ಆ ಬದಿಗೆ ಬಂದುಬಿಟ್ಟಿದ್ದಳು. ಅದನ್ನು ಬರೆದೆ. ಸಂಪಾದಕರು ಕೆಂಪು ಪೆನ್ಸಿಲನ್ನು ಕಿಸೆಗೆ ಹಾಕಿಕೊಂಡರು. ಅತ್ತೆ ನನ್ನತ್ತ ನೋಡಿ ನಕ್ಕಳು. ಆ ದಿನಗಳಷ್ಟು ಸುಖವಾಗಿ ನಾನು ಹಿಂದೆ ಇದ್ದಿರಲಿಲ್ಲ.

ಶಿಬಿರ ಮುಗಿಯುವ ಹೊತ್ತಿಗೆ ನಾವೇ ಬರೆದು, ನಾವೇ ಮೊಳೆ ಜೋಡಿಸಿ, ಒಂದು ಹಾಳೆಯ ಪತ್ರಿಕೆ ಹೊರಡಿಸಬೇಕಿತ್ತು. ಅದಕ್ಕಾಗಿ ಸಂಪಾದಕರು ನಮ್ಮನ್ನು ಇಬ್ಬಿಬ್ಬರಂತೆ ಸುತ್ತಲಿನ ಹಳ್ಳಿಗಳಿಗೆ ಕಳಿಸಿದರು. ಕೆಲಸ ಸರಳವಾದದ್ದು: ಈ ಬೇಸಿಗೆಯಲ್ಲಿ ಆ ಊರಿಗೆ ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಕೇಳಿ ಬರೆದುಕೊಂಡು ಬನ್ನಿ. ನನ್ನ ಜೊತೆಗೆ ನರಗುಂದದ ಒಬ್ಬ ಹುಡುಗನನ್ನು ಹಾಕಿದರು. ಎತ್ತರದ ಆಳು, ಮಾತು ಸ್ವಲ್ಪ ತೊದಲು. ಅತ್ತೆ ಇದ್ದೇ ಇದ್ದಳು. ಲಕ್ಕಲಕಟ್ಟಿಯ ದಾರಿ ಹಿಡಿದು ಸ್ವಲ್ಪ ಹೋಗಿ, ಹೊರಳಿ, ಹೊಲದ ಬದುಗಳ ಮೇಲೆ ನಡೆದರೆ ನಮ್ಮ ಪಾಲಿನ ಹಳ್ಳಿ. ಅದರ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ಊರ ಮುಂದಿನ ಕಟ್ಟೆಯ ಮೇಲೆ ಗಂಡಸರು ಕುಳಿತಿದ್ದರು. ಊರಿನ ಹಿರಿಯರೊಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿದರು. ಹುಡುಗ ಪ್ರಶ್ನೆ ಕೇಳಿದ.

"ನೀರಿಗೇನ ಕಮ್ಮಿಲ್ಲ. ಎಲ್ಲಾ ಚಲೋ ಐತಿ. ಅಷ್ಟ ಬರಕೋರಿ, ಬಿಸಲಾಗೂದ್ರಾಗ ಹೊಂಟಬಿಡ್ರಿ" ಎಂದರು ಹಿರಿಯರು.

ಹುಡುಗ ಅದನ್ನೇ ಬರೆದುಕೊಂಡ. ನೀರು ತರುವವರು ಹೆಂಗಸರಲ್ಲವೇ, ಅವರನ್ನು ಕೇಳೋಣ ಎಂದು ಅತ್ತೆ ನನ್ನ ಕೈ ಹಿಡಿದು ಓಣಿಯೊಳಗೆ ನಡೆದಳು. ಗಂಡಸರು ಹೆಂಗಸರಿಬ್ಬರನ್ನು ತಡೆಯಲಿಲ್ಲ. ಓಣಿಯಲ್ಲಿ ಮಕ್ಕಳಿರಲಿಲ್ಲ. ಮನೆಮನೆಯ ಮುಂದೆ ಮಲಗುವ ಹೊರಸುಗಳನ್ನು ತೊಳೆದು ಗೋಡೆಗೆ ನಿಲ್ಲಿಸಿದ್ದರು. ಬಾಗಿಲು ತೆರೆದಿದ್ದ ಒಂದು ಮನೆಯ ಮುಂದೆ ಅತ್ತೆ ನಿಂತಳು. ಒಳಗಿದ್ದವಳು ನನಗಿಂತ ಏಳೆಂಟು ವರ್ಷ ದೊಡ್ಡವಳಿರಬೇಕು. ಸೀರೆಯ ನೆರಿಗೆ ಹಿಡಿದು ಒಂದು ಸಣ್ಣ ಹೆಣ್ಣು ಮಗು ನಿಂತಿತ್ತು. ಬಿಸಿಲಲ್ಲಿ ಬಂದವರೆಂದು ಅವಳು ಮೊದಲು ಬೆಲ್ಲದ ಚೂರು, ಎರಡು ತಂಬಿಗೆ ನೀರು ತಂದಿಟ್ಟಳು. ನಾನು ಪೆನ್ಸಿಲ್ ಹೆರೆಯುತ್ತಿದ್ದೆ. ಅತ್ತೆ ತನ್ನ ತಂಬಿಗೆ ಮುಗಿಸಿದಳು. ಕೊಟ್ಟ ನೀರು ಹಾಗೇ ಉಳಿದರೆ ಮನೆಯವಳಿಗೆ ಬೇಸರವಾದೀತೆಂದು ನನ್ನದನ್ನೂ ಎತ್ತಿ ಕುಡಿದಳು.

"ನೀರ ಎಲ್ಲಿಂದ ತರ್ತೀಯವಾ?" ಎಂದು ಕೇಳಿದೆ.

"ಹಳ್ಳದ ಒರತಿಯಿಂದ. ಬಾವಿ ತಳಾ ಕಂಡೈತಿ." ಅವಳು ನನ್ನ ಹಾಳೆ ನೋಡಿ ಕೇಳಿದಳು: "ನೀ ಇದನ್ನೆಲ್ಲಾ ಬರಕೊಂಡ ಏನ ಮಾಡ್ತಿ?"

"ಪೇಪರಿನ್ಯಾಗ ಛಾಪಿಸ್ತೀವಿ."

"ಹಂಗಾರ ನನ್ನ ಹುಡುಗೂರ ಹೆಸರ ಬರಕೋ. ಮೊನ್ನಿ ದೊಡ್ಡದು ಹೋತು, ನಿನ್ನಿ ನಡಕಿಂದು. ವಾಂತಿ ಆತು, ಭೇದಿ ಆತು. ಹೊತ್ತ ಮುಣಗೂದ್ರಾಗ ಕೈಯಾಗ ಏನೂ ಉಳೀಲಿಲ್ಲ."

ನನ್ನ ಪೆನ್ಸಿಲ್ ನಿಂತಿತು. ಅತ್ತೆ ಮುಂದೆ ಸರಿದು ಅವಳ ಮೊಣಕಾಲಿನ ಮೇಲೆ ಕೈಯಿಟ್ಟಳು. "ನಿಮ್ಮ ಮನಿ ಒಂದ ಏನು?"

"ನಮ್ಮ ಓಣ್ಯಾಗ ಯಾ ಮನಿ ಬಿಟ್ಟೈತಿ ಅಂತ ಕೇಳ್ರಿ."

"ದವಾಖಾನಿಗೆ ಯಾಕ ಹೋಗ್ಲಿಲ್ಲವಾ?"

"ದೊಡ್ಡಾವ್ರು ಬ್ಯಾಡಂದಾರ. ಸರಕಾರದವ್ರಿಗೆ ಗೊತ್ತಾತಂದ್ರ ಊರಿಗೆ ಬೇಲಿ ಹಾಕ್ತಾರಂತ, ಸಂತಿಗೆ ಒಂದ ಗಾಡಿನೂ ಬಿಡಾಂಗಿಲ್ಲಂತ. ಮಳಿಗಾಲದ ಮುಂದ ಇದೊಂದ ದೊಡ್ಡ ಸಂತಿ. ತಡೀರಿ ಅಂದಾರ." ಅವಳ ದನಿಯಲ್ಲಿ ಅಳುವಿರಲಿಲ್ಲ. ಬೇರೆ ಯಾರದೋ ಮನೆಯ ಮಾತು ಹೇಳುವವಳಂತೆ ಹೇಳುತ್ತಿದ್ದಳು. "ನೀ ಹೆಸರ ಬರಕೋ. ಇಲ್ಲೀತನಕ ಯಾರೂ ಕೇಳಿಲ್ಲ."

ಇಬ್ಬರು ಮಕ್ಕಳ ಹೆಸರನ್ನೂ ಬರೆದುಕೊಂಡೆ. ಬರೆದದ್ದನ್ನು ಓದಿ ತೋರಿಸು ಎಂದಳು. ಓದಿದೆ. ತಲೆಯಾಡಿಸಿದಳು. ಕಂಕುಳಿಗೆ ಎತ್ತಿಕೊಂಡಿದ್ದ ಮೂರನೆಯದು ನನ್ನ ಪೆನ್ಸಿಲಿಗೆ ಕೈ ಚಾಚಿತು.

ಗಜೇಂದ್ರಗಡದವರೆಗೆ ನಾವು ಮೂವರೂ ಬಿರಬಿರನೆ ನಡೆದೆವು. ಸಂಪಾದಕರು ನನ್ನ ಮಾತನ್ನು ನಿಂತುಕೊಂಡೇ ಕೇಳಿದರು. "ನೀ ಕಣ್ಣಿಲೆ ಕಂಡದ್ದೆಷ್ಟು? ಕಿವಿಲೆ ಕೇಳಿದ್ದೆಷ್ಟು? ಬ್ಯಾರೆ ಬ್ಯಾರೆ ಹೇಳು" ಎಂದರು. ತೊಳೆದಿಟ್ಟ ಹೊರಸುಗಳು, ಮಕ್ಕಳಿಲ್ಲದ ಓಣಿ, ಕಂಡದ್ದು ಇಷ್ಟೇ. ಉಳಿದದ್ದೆಲ್ಲ ಒಬ್ಬ ತಾಯಿಯ ಮಾತು. ಅವರು ಕೂಡಲೇ ಆ ಹುಡುಗನ ಜೊತೆ ತಾವೇ ಬಿಸಿಲಲ್ಲಿ ಹೊರಟು, ಹಳ್ಳದ ಕಡೆಯಿಂದ ಊರೊಳಗೆ ಹೋಗಿ ನೋಡಿ ಬಂದರು. ಬಂದವರೇ ಕೈಕಾಲು ತೊಳೆದುಕೊಳ್ಳುವ ಮೊದಲು ಧಾರವಾಡದ ಸರಕಾರಿ ಕಚೇರಿಗೆ ತಾರು ಕೊಟ್ಟರು. ಆಮೇಲೆ ನಮ್ಮನ್ನೆಲ್ಲ ಕೂಡಿಸಿ, "ಹಾಳ್ಯಾಗ ಇನ್ನ ಬ್ಯಾರೆ ಏನೂ ಬ್ಯಾಡ. ಇದೊಂದಽ ಸುದ್ದಿ" ಎಂದರು.

ಮೊಳೆ ಜೋಡಿಸಿ ಮೊದಲ ಕರಡು ತೆಗೆದಿದ್ದೆವು. ಆಗ ಸಾವಕಾರರು ಒಳಗೆ ಬಂದರು. ಒದ್ದೆ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಬೆಳಕಿಗೆ ನಿಂತು ಓದಿದರು.

"ಇದು ಖರೇ ಏನ್ರಿ?"

"ನಾನ ನೋಡಿ ಬಂದೇನ್ರಿ" ಎಂದರು ಸಂಪಾದಕರು.

"ಖರೇ ಇರಬಹುದು. ಆದ್ರ ಇನ್ನ ಮೂರ ದಿನಕ್ಕ ಸಂತಿ. ಇಡೀ ಪ್ಯಾಟಿ ಇದನ್ನ ನಂಬಿ ಕುಂತೈತಿ. ನೇಕಾರ ಮಂದಿ ಸೀರಿ ಗಂಟ ಕಟ್ಟಿ ಇಟ್ಟಾರ, ಒಕ್ಕಲಿಗ್ಯಾರು ಎತ್ತ ಹಿಡಕೊಂಡ ಬರಾವ್ರ ಅದಾರ. ಸಂತಿ ಒಂದ ಮುಗೀಲಿ. ಮರುದಿನಾ ನಾನಽ ನಿಂತ ಛಾಪಿಸಿ ಕೊಡ್ತೀನಿ."

"ಸಂತ್ಯಾಗ ಅದಽ ಹಳ್ಳಿ ಮಂದಿನೂ ಬರ್ತಾರಲ್ಲ. ಅವರು ಇಳಿಯೋ ಸಂತಿ ಹೊಂಡದ ನೀರನ್ನ ಎಲ್ಲಾರೂ ಕುಡೀತಾರ. ಅಷ್ಟೂರಿಗೂ ಮನಿತನಕಾ ಬ್ಯಾನಿ ಒಯ್ದ ಮುಟ್ಟಿಸಿದಂಗ ಆಗ್ತದ್ರಿ."

ಸಾವಕಾರರು ಸಿಟ್ಟಾಗಲಿಲ್ಲ. ಕೆಟ್ಟ ಮನುಷ್ಯರೂ ಅಲ್ಲ. ನಮಗೆ ದಿನಾ ಹೊತ್ತಿಗೆ ಸರಿಯಾಗಿ ರೊಟ್ಟಿ ಕಳಿಸುತ್ತಿದ್ದವರು. ನಮ್ಮನ್ನೆಲ್ಲ ಹೊರಗೆ ಕಳಿಸಿ, ಛಾಪಖಾನೆಗೆ ಕೀಲಿ ಹಾಕಿ, ಕೀಲಿಕೈಯನ್ನು ಉಡಿದಾರಕ್ಕೆ ಸಿಕ್ಕಿಸಿಕೊಂಡು ಹೋದರು.

ಮರುದಿನ ಬೆಳಗಿನಿಂದ ಸಂಪಾದಕರು ಊರಿನಲ್ಲಿ ದೊಡ್ಡವರೆನಿಸಿಕೊಂಡ ಎಲ್ಲರ ಬಾಗಿಲಿಗೂ ಹೋದರು. ಒಬ್ಬರು ಪೂಜೆಯಲ್ಲಿದ್ದರು, ಒಬ್ಬರು ಊರಲ್ಲಿರಲಿಲ್ಲ. ಮನೆಯಲ್ಲಿ ಸಿಕ್ಕವರು ಸಂತೆಯಾಗಲಿ ಎಂದರು. ತಾರಿಗೆ ಉತ್ತರ ಬರಲಿಲ್ಲ. ನಾವು ವಿದ್ಯಾರ್ಥಿಗಳು ಒಂದು ಗುಡಿಯ ಪೌಳಿಯಲ್ಲಿ ಸಾಲಾಗಿ ಕುಳಿತು ಆ ಸುದ್ದಿಯನ್ನು ಕೈಯಿಂದಲೇ ನಕಲು ಮಾಡಿದೆವು. ಬೆರಳುಗಳು ಸೆಟೆದು ಹೋಗುವವರೆಗೆ ಬರೆದೆವು. ಅಂಬಲಿ ಬಳಿದು ಪೇಟೆಯ ಗೋಡೆಗಳಿಗೆ ಹಚ್ಚಿದೆವು. ಒಂದು ಸುತ್ತು ಹಚ್ಚಿ ಬರುವಷ್ಟರಲ್ಲಿ ಹಿಂದಿನವು ಹರಿದು ಬಿದ್ದಿದ್ದವು. ಯಾರು ಹರಿದರೆಂದು ಕಾಣಲಿಲ್ಲ. ಮಗ್ಗಗಳ ಸದ್ದು ಎಂದಿನಂತೆ ಓಣಿಓಣಿಯಿಂದ ಕೇಳುತ್ತಿತ್ತು. ಸಂಜೆಯ ಹೊತ್ತಿಗೆ ಒಂದು ಗೋಡೆಯ ಮೇಲೂ ನಮ್ಮ ಹಾಳೆ ಉಳಿಯಲಿಲ್ಲ. ಕೂಗಿ ಹೇಳೋಣವೆಂದರೆ ಕೇಳುವವರು ನಗುತ್ತಿದ್ದರು. ಒಬ್ಬ ನನ್ನನ್ನು ನೋಡಿ, "ಯಾರ ಮಗಳಿದು, ಬೀದ್ಯಾಗ ನಿಂತ ಅಪಶಕುನ ನುಡೀತೈತಿ" ಎಂದ. ಆ ಸಂಜೆ ನನಗೆ ಉಣ್ಣಲಾಗಲಿಲ್ಲ. ಆ ತಾಯಿಯ ಮೂರನೆಯ ಮಗು ಈ ಹೊತ್ತಿಗೆ ಇದೆಯೋ ಇಲ್ಲವೋ ಎಂಬುದೊಂದೇ ತಲೆಯಲ್ಲಿ ತಿರುಗುತ್ತಿತ್ತು.

ಮರುದಿನ ಬೆಳಗಾದ ಮೇಲೆ ಅತ್ತೆ ಹಿತ್ತಲಿಗೆ ಹೋದವಳು ಗೋಡೆ ಹಿಡಿದುಕೊಂಡು ಬಂದಳು. ಮತ್ತೆ ಹೋದಳು. ಮೂರನೆಯ ಸಲ ಹೋಗಲು ಅವಳಿಂದಾಗಲಿಲ್ಲ. ಭೇದಿ ಅಕ್ಕಿ ತೊಳೆದ ನೀರಿನಂತೆ ಹೋಗುತ್ತಿತ್ತು. ನೆತ್ತಿಗೆ ಬಿಸಿಲು ಬರುವ ಮೊದಲೇ ಅವಳ ಕಣ್ಣು ಒಳಗೆ ಸೇರಿದವು, ಬೆರಳ ತುದಿಗಳು ದಿನವಿಡೀ ನೀರಲ್ಲಿ ನೆನೆದಂತೆ ಸುಕ್ಕುಗಟ್ಟಿದವು. ಮೀನಖಂಡ ಸೆಟೆದುಕೊಂಡಾಗಲೆಲ್ಲ ಅವಳು ಹಲ್ಲು ಕಚ್ಚಿ ನನ್ನ ಮುಂಗೈಯನ್ನು ಒತ್ತುತ್ತಿದ್ದಳು. ಸಾವಕಾರರ ಹೆಂಡತಿ, "ನೀರ ಕುಡಿಸಬ್ಯಾಡ, ಕುಡಿಸಿದಷ್ಟೂ ಹೊರಗ ಹೋಗತೈತಿ" ಎಂದರು. ಅತ್ತೆ ನೀರು ನೀರು ಎನ್ನುತ್ತಿದ್ದಳು. ಕೊಡಬೇಕೋ ಬಿಡಬೇಕೋ ತಿಳಿಯದೆ ತಂಬಿಗೆ ಹಿಡಿದು ನಾನು ಗೋಡೆಗೆ ತಲೆ ಒತ್ತಿ ನಿಂತೆ. ಸಂಪಾದಕರು ಬಂದು, "ಕುದಿಸಿ ಕೊಡು. ಕೇಳಿದಷ್ಟೂ ಕೊಡು" ಎಂದ ಮೇಲೆ ಕೊಟ್ಟೆ. ಕೊಟ್ಟದ್ದೆಲ್ಲ ವಾಂತಿಯಾಯಿತು. ಮತ್ತೆ ಕೊಟ್ಟೆ.

ನರಗುಂದದ ಹುಡುಗ ಯಾರನ್ನೂ ಕೇಳಲಿಲ್ಲ. ಯಾರದೋ ಸೈಕಲ್ಲು ಎತ್ತಿಕೊಂಡು ಡಾಕ್ಟರನ್ನು ಕರೆತರಲು ರೋಣದ ದಾರಿ ಹಿಡಿದಿದ್ದ.

ಸಾವಕಾರರು ಪಡಸಾಲೆಯ ಬಾಗಿಲಲ್ಲಿ ನಿಂತರು. "ತಂಗಿ, ಗಾಡಿ ಹೂಡಸ್ತೀನಿ. ಹಿಂದಿನ ಬಾಗಿಲಕ್ಕ ಬರತೈತಿ. ನಿಮ್ಮತ್ತೀನ ರೋಣಕ್ಕ ಕರಕೊಂಡ ಹೋಗು. ಅಲ್ಲಿ ದವಾಖಾನಿ ಐತಿ, ನಿಮ್ಮಪ್ಪ ಅದಾನ."

ನನ್ನ ಮನಸ್ಸು ಹೊಯ್ದಾಡಿತು. ಅಪ್ಪನ ಬಳಿ ಹೋಗಿ ಬಿದ್ದರೆ ಸಾಕಾಗಿತ್ತು ನನಗೆ. ಆದರೆ ಆ ಬಿಸಿಲಲ್ಲಿ, ಎತ್ತಿನ ಗಾಡಿಯಲ್ಲಿ, ರೋಣ ಮುಟ್ಟುವವರೆಗೆ ಅವಳ ಜೀವ ಹಿಡಿಯುವುದಿಲ್ಲವೆಂದು ಸಂಪಾದಕರ ಮುಖ ನೋಡಿದರೆ ತಿಳಿಯುತ್ತಿತ್ತು. ಆಗ ಅತ್ತೆ ಮಾತಾಡಿದಳು. ಗಂಟಲು ಪೂರ್ತಿ ಒಣಗಿ ಹೋಗಿತ್ತು. ಕಿವಿಗೊಟ್ಟು ಕೇಳಬೇಕಾಗಿತ್ತು.

"ನಾ ಗಾಡಿ ಏರಾಂಗಿಲ್ರಿ ಸಾವಕಾರ್ರ. ಹಳ್ಳಿ ಮಂದೀದು ಛಾಪಿಸಬ್ಯಾಡ ಅಂದ್ರಿ. ನಂದು ಛಾಪಿಸ್ರಿ. ಪ್ಯಾಟ್ಯಾಗ ಬ್ಯಾನಿ ಬಂದೈತಿ ಅಂತ ಬರಸ್ರಿ. ನಿಮ್ಮ ಮನ್ಯಾಗ ಮಲಗೀನಿ ಅಂತ ಬರಸ್ರಿ."

ಸಾವಕಾರರು ಅವಳನ್ನೇ ನೋಡಿದರು. ಬಾಗಿಲ ಹಿಂದಿನಿಂದ ಅವರ ಸೊಸೆಯ ದನಿ ಬಂತು. ಮಾವನ ಎದುರು ಅವಳು ಮಾತಾಡಿದ್ದನ್ನು ಅಲ್ಲಿಯವರೆಗೆ ನಾವು ಕೇಳಿರಲಿಲ್ಲ. "ಮಾವಾರ, ಇವರ ಸೀರಿ ಮುಂಜಾನಿ ನಾನಽ ಬಾವಿ ಕಟ್ಟಿ ಮ್ಯಾಲ ಒಗದೀನ್ರಿ. ಆ ನೀರನ್ನ ಹುಡುಗೂರೆಲ್ಲಾ ಕುಡದಾವ್ರಿ."

ಸಾವಕಾರರಿಗೆ ಮೊಮ್ಮಕ್ಕಳು ಮನೆತುಂಬ ಇದ್ದರು. ಅವರು ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಆಮೇಲೆ ಉಡಿದಾರದಿಂದ ಕೀಲಿಕೈ ಬಿಚ್ಚಿ ಸಂಪಾದಕರ ಕೈಗೆ ಕೊಟ್ಟು, ಮಕ್ಕಳನ್ನು ಕೂಗುತ್ತ ಒಳಗೆ ಹೋದರು.

ಛಾಪಖಾನೆ ತೆರೆಯಿತು. ಜೋಡಿಸಿಟ್ಟ ಮೊಳೆಗಳು ಹಾಗೇ ಇದ್ದವು. ಅವಕ್ಕೆ ಅತ್ತೆಯ ಸಾಲು ಸೇರಬೇಕಿತ್ತು. "ಅದನ್ನ ನೀ ಮಾಡಬ್ಯಾಡ" ಎಂದರು ಸಂಪಾದಕರು. ಆದರೆ ನಾನೇ ಜೋಡಿಸಲಿ ಎಂದು ಅತ್ತೆ ಹೇಳಿ ಕಳಿಸಿದ್ದಳು. ಅವಳ ಹೆಸರು, ಊರು, ಇಳಿದುಕೊಂಡ ಮನೆ. ವಯಸ್ಸು ನನಗೆ ಗೊತ್ತಿರಲಿಲ್ಲ, ಅವಳಿಗೂ ಗೊತ್ತಿರಲಿಲ್ಲ. ನಲವತ್ತೈದು ಎಂದು ಹಾಕಿದೆ. 'ಇಂದು ಬೆಳಿಗ್ಗೆಯಿಂದ ಕಾಲರಾದಿಂದ ನರಳುತ್ತಿದ್ದಾರೆ.' ಕರಡು ತೆಗೆದು ಪಡಸಾಲೆಗೆ ಓಡಿ ಅವಳಿಗೆ ಓದಿ ಹೇಳಿದೆ. ಮೊದಲು ಹಳ್ಳಿಯ ಸುದ್ದಿ, ಆ ಎರಡು ಮಕ್ಕಳ ಹೆಸರು, ನೀರು ಕುದಿಸಿ ಕುಡಿಯಿರಿ, ಸಂತೆಗೆ ಬರಬೇಡಿ, ಡಾಕ್ಟರು ಬಂದರೆ ಸೂಜಿ ಹಾಕಿಸಿಕೊಳ್ಳಿ. ಕೊನೆಗೆ ಅವಳದು. ಅವಳು ಕಣ್ಣು ಮುಚ್ಚಿ ಕೇಳಿದಳು.

"ನರಳ್ತಾಳ ಅಂತ ಯಾಕ ಬರದಿ?" ಎಂದಳು. "ನಾ ಎಲ್ಲಿ ನರಳೀನಿ?"

ಸಂಪಾದಕರಿಗೆ ಹೇಳಿದೆ. ಅವರು, "ಆಕಿ ಹೇಳಿದ್ದು ಬರೋಬ್ಬರಿ ಅದ. ತೆಗಿ" ಎಂದರು. 'ಕಾಲರಾ ಆಗಿದೆ' ಎಂದು ಬದಲಿಸಿದೆ. ಹುಡುಗರು ಸರದಿಯಂತೆ ಯಂತ್ರ ತುಳಿಯತೊಡಗಿದರು. ಹಾಳೆಗಳು ಹೊರಗೆ ಬಂದ ಹಾಗೆ ಇಬ್ಬರು ಹುಡುಗರು ಒಯ್ದು ಹಚ್ಚಿದರು. ಈ ಸಲ ಯಾರೂ ಹರಿಯಲಿಲ್ಲ. ಪೇಟೆಯಲ್ಲಿ ಗದ್ದಲವೆದ್ದಿತು. ಛಾಪಖಾನೆಯ ಕಿಟಕಿಗೆ ಕಲ್ಲು ಬಿತ್ತು. ಬೈಗುಳಗಳು ಪಡಸಾಲೆಯವರೆಗೆ ಕೇಳುತ್ತಿದ್ದವು. ಅವುಗಳಲ್ಲಿ ಅತ್ತೆಯ ಹೆಸರೂ ಇತ್ತು. ಬಾವಿಯ ಹಗ್ಗವನ್ನು ಸಾವಕಾರರು ತಾವೇ ಕೊಯ್ದು ಹಾಕಿದರು.

ಇಳಿಹೊತ್ತಿಗೆ ಡಾಕ್ಟರು ಬಂದರು, ಜೀಪಿನಲ್ಲಿ. ಹುಡುಗ ಹಿಂದೆ ಕುಳಿತಿದ್ದ, ತುಟಿ ಒಡೆದಿದ್ದವು. ಡಾಕ್ಟರು ಉಪ್ಪುನೀರಿನ ಬಾಟಲಿಯನ್ನು ಗೂಟಕ್ಕೆ ತೂಗುಹಾಕಿ ಅತ್ತೆಯ ಕೈಯಲ್ಲಿ ನರ ಹುಡುಕಿದರು. ಸಿಗಲಿಲ್ಲ. ಇನ್ನೊಂದು ಕೈ, ಆಮೇಲೆ ಪಾದ. ಅವಳ ನರಗಳೆಲ್ಲ ಬತ್ತಿ ಒಳಗೆ ಹೋಗಿದ್ದವು. ಪಾದದ ಬಳಿ ಕೊಯ್ದು ಹೇಗೋ ಸೂಜಿ ಸೇರಿಸಿದಾಗ ಬಾಟಲಿಯಲ್ಲಿ ಗುಳ್ಳೆ ಏಳತೊಡಗಿತು. ನಾನು ಆ ಗುಳ್ಳೆಗಳನ್ನೇ ನೋಡುತ್ತ ಕುಳಿತೆ. ಒಂದೊಂದು ಗುಳ್ಳೆ ಎದ್ದಾಗಲೂ ಇನ್ನೊಂದು ಏಳಲಿ ಎಂದು ಬೇಡಿಕೊಂಡೆ. ಅವಳು ಒಮ್ಮೆ ಕಣ್ಣು ತೆರೆದು, "ಹಾಳಿ ಹಚ್ಚಿದ್ರೇನು?" ಎಂದು ಕೇಳಿದಳು. ಹಚ್ಚಿದರು ಎಂದೆ. ಬೀದಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಬಾಟಲಿಯ ನೀರು ಇಳಿಯುವುದು ನಿಂತಿತು. ಡಾಕ್ಟರು ಅವಳ ಎದೆಯ ಮೇಲೆ ಕಿವಿಯಿಟ್ಟರು. ಆಮೇಲೆ ಸೂಜಿ ತೆಗೆದರು.

ಯಂತ್ರ ನಿಂತಿತ್ತು. ಸಂಪಾದಕರು ನನ್ನ ಬಳಿ ಬಂದು, ಅರ್ಧ ಹಾಳೆಗಳು ಆಗಿವೆ, ಉಳಿದವೂ ಹಾಗೇ ಹೋಗಲಿ, ನೀನು ಅತ್ತೆಯ ಹತ್ತಿರ ಕುಳಿತಿರು ಎಂದರು. ನಾನು ಎದ್ದು ಛಾಪಖಾನೆಗೆ ಹೋದೆ. 'ಕಾಲರಾ ಆಗಿದೆ' ಎಂಬ ಮೊಳೆಗಳನ್ನು ಚಿಮಟದಿಂದ ಎತ್ತಿದೆ. 'ಕಾಲರಾದಿಂದ ತೀರಿಕೊಂಡರು' ಎಂದು ಜೋಡಿಸಬೇಕಿತ್ತು. ಬೆರಳಿಗೆ ರೂಢಿಯಾಗಿದ್ದ ಗೂಡುಗಳು ಒಂದೂ ನೆನಪಾಗಲಿಲ್ಲ. ಕಣ್ಣು ಮಂಜಾಗಿ ಯಾವ ಅಕ್ಷರವೂ ಅಕ್ಷರದಂತೆ ಕಾಣಲಿಲ್ಲ. ನರಗುಂದದ ಹುಡುಗ ಬಂದು ಪಕ್ಕದಲ್ಲಿ ನಿಂತ. ಒಂದೊಂದೇ ಮೊಳೆ ಹುಡುಕಿ ನನ್ನ ಅಂಗೈಯಲ್ಲಿಟ್ಟ. ನಾನು ಇಟ್ಟದ್ದನ್ನು ಇಟ್ಟ ಹಾಗೆ ಕೂಡಿಸಿದೆ. ಉಳಿದ ಹಾಳೆಗಳು ಹಾಗೆ ಅಚ್ಚಾದವು.

ಅಪ್ಪ ಮರುದಿನ ಮೊದಲ ಮೋಟಾರಿಗೆ ಬಂದ. ಸುದ್ದಿ ಮುಟ್ಟಿಸಿದವರು ಜಡ್ಡು ಎಂದಷ್ಟೇ ಹೇಳಿದ್ದರಂತೆ. ಮೋಟಾರು ನಿಲ್ಲುವ ಕಟ್ಟೆಯ ಗೋಡೆಯ ಮೇಲೇ ರಾತ್ರಿ ಅಚ್ಚಾದ ಹಾಳೆ ಇತ್ತು. ಅವನನ್ನು ಎದುರುಗೊಳ್ಳಲು ಹೋದಾಗ ಅವನು ಅದರ ಮುಂದೆ ನಿಂತಿದ್ದ. ಅಂಗಡಿಯಲ್ಲಿ ಲೆಕ್ಕ ಓದುವವನಂತೆ ಪ್ರತಿ ಪದದ ಕೆಳಗೆ ಬೆರಳಿಟ್ಟು ಓದುತ್ತಿದ್ದ. ನಾನು ಪಕ್ಕದಲ್ಲಿ ನಿಂತದ್ದು ಗೊತ್ತಾದರೂ ತಿರುಗಲಿಲ್ಲ.

"ಅಕ್ಕಗ ಐವತ್ತ ದಾಟಿತ್ತವಾ" ಎಂದ.

ಅವನು ಬೈಯುತ್ತಾನೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಅಳಲು ಆಗುತ್ತಿತ್ತು.

ಡಾಕ್ಟರು ಹೇಳಿದಂತೆ ಸುಣ್ಣ ಹಾಕಿ, ಊರ ಹೊರಗೆ, ಲಗೂ ಲಗೂ ಮಣ್ಣು ಮಾಡಿದೆವು. ಸಾವಕಾರರು ಬಂದಿದ್ದರು. ಅಪ್ಪನ ಎದುರು ನಿಂತು ಏನೋ ಹೇಳಲು ಬಾಯಿ ತೆರೆದರು. ಅಪ್ಪ ಅವರ ಭುಜ ಮುಟ್ಟಿ ಮುಂದೆ ಹೋದ. ಅತ್ತೆಯ ಸೀರೆ, ಹಾಸಿಗೆ, ಬತ್ತಿಯ ಬುಟ್ಟಿ ಎಲ್ಲವನ್ನೂ ಸುಡಬೇಕಾಯಿತು. ಹೊರಟು ನಿಂತಾಗ ನನ್ನ ಕೈಯಲ್ಲಿ ಅವಳದೆಂಬ ವಸ್ತು ಒಂದೂ ಇರಲಿಲ್ಲ.

ಅಂದು ಸಂತೆ ಬಂದ್ ಆಯಿತು. ಡಾಕ್ಟರ ವರದಿ ಮೇಲೆ ಹೋಗಿ, ಸಂತೆ ಕೂಡಕೂಡದೆಂದು ಡಂಗುರ ಸಾರಿದರು. ಸೂಜಿ ಹಾಕುವವರು ಆ ಹಳ್ಳಿಗೂ ಹೋದರು. ಬಹಳ ದಿನಗಳ ಮೇಲೆ ನರಗುಂದದ ಹುಡುಗ ತಿಳಿಸಿದ: ಆ ತಾಯಿ ಹೋದಳು, ಮಗು ಉಳಿಯಿತು. ಅವಳ ಮಕ್ಕಳ ಹೆಸರಿದ್ದ ಹಾಳೆಯನ್ನು ಅವಳು ಕಂಡಳೋ ಇಲ್ಲವೋ ಅವನಿಗೂ ಗೊತ್ತಿರಲಿಲ್ಲ. ಶಿಬಿರ ಮುಗಿಯಿತೆಂದು ಯಾರೂ ಹೇಳಲಿಲ್ಲ. ಹುಡುಗರು ತಮ್ಮ ತಮ್ಮ ಗಂಟು ಕಟ್ಟಿಕೊಂಡು ಹೊರಟುಹೋಗಿದ್ದರು. ಸಂಪಾದಕರು ನನ್ನ ತಲೆಯ ಮೇಲೆ ಕೈಯಿಟ್ಟರು.

ರೋಣದ ಮೋಟಾರು ನಮ್ಮನ್ನು ಹತ್ತಿಸಿಕೊಳ್ಳಲಿಲ್ಲ. ಬೇನೆಯ ಮನೆಯವರೆಂದು ಎಲ್ಲರಿಗೂ ಗೊತ್ತಾಗಿತ್ತು. ಸಾವಕಾರರು ಕೊಟ್ಟ ಗಾಡಿಯಲ್ಲಿ ಹೊರಟೆವು. ಅಪ್ಪ ಮುಂದೆ, ನಾನು ಹಿಂದೆ. ಎದುರಿನಿಂದ ಸಂತೆಗೆ ಬರುವ ಗಾಡಿಗಳು ಸಾಲಾಗಿ ಬರುತ್ತಿದ್ದವು. ಎತ್ತಿನ ಕೊರಳಿಗೆ ಗಂಟೆ, ಗಾಡಿಯೊಳಗೆ ಮೆಣಸಿನಕಾಯಿ ಚೀಲ, ಹೊಸ ಸೀರೆಯ ಆಸೆಗೆ ಜೊತೆ ಬಂದ ಹೆಂಗಸರು. ಡಂಗುರ ಆ ದಾರಿಗೆ ಇನ್ನೂ ಮುಟ್ಟಿರಲಿಲ್ಲ.

ನಮ್ಮಪ್ಪ ಮೆತ್ತಗಿನ ಮನುಷ್ಯ. ಅಂಗಡಿಯಲ್ಲಿ ಗಿರಾಕಿಯನ್ನೂ ಕೂಗಿ ಕರೆದವನಲ್ಲ. ಮೊದಲ ಗಾಡಿ ಹತ್ತಿರ ಬಂದಾಗ ಅವನು ಎತ್ತು ನಿಲ್ಲಿಸಿ ಕೆಳಗಿಳಿದ. ದಾರಿಯ ನಡುವೆ ನಿಂತು ಎರಡೂ ಕೈ ಅಡ್ಡ ಹಿಡಿದ.

"ಮುಂದ ಹೋಗಬ್ಯಾಡ್ರಿ. ಗಡದಾಗ ಕಾಲರಾ ಬಂದೈತಿ. ಸಂತಿ ಇಲ್ಲ."

"ಯಾರ ಹೇಳಿದ್ರು?" ಎಂದ ಗಾಡಿಯವನು.

"ನಮ್ಮ ಅಕ್ಕ ಸತ್ತಾಳ್ರಿ. ಈಗ ಮಣ್ಣ ಮಾಡಿ ಬಂದೀನಿ."

ಗಾಡಿಯವನು ನನ್ನತ್ತ ನೋಡಿದ. ಹಗ್ಗ ಜಗ್ಗಿ ಎತ್ತುಗಳನ್ನು ಹೊರಳಿಸಿದ. ಅದರ ಹಿಂದಿನ ಗಾಡಿ ಹೊರಳಲಿಲ್ಲ. ಅದರಲ್ಲಿದ್ದವರು ನಕ್ಕು, ಪಕ್ಕದ ಹೊಲದಲ್ಲಿಳಿಸಿ ದಾಟಿ ಹೋದರು. ಅಪ್ಪ ಮೂರನೆಯ ಗಾಡಿಗೆ ಕೈ ಅಡ್ಡ ಹಿಡಿದ. ಮತ್ತೆ ಅದೇ ಮಾತು. ನಮ್ಮ ಅಕ್ಕ ಸತ್ತಾಳ್ರಿ. ಅವನ ದನಿ ಒಡೆದುಹೋಗುವವರೆಗೆ ಹೇಳಿದ. ಆಮೇಲೆ ನಾನು ಇಳಿದು ಅವನ ಪಕ್ಕದಲ್ಲಿ ನಿಂತು ಹೇಳತೊಡಗಿದೆ.